ಹಳಬರಿಗೆ ಮೊದಲು

“ಐದಡಿ ನಾಲ್ಕಿಂಚು. ನೆಟ್ಟಗೆ ಹೋಗಲ್ಲ, ಅಡ್ಡ ಮಲಗಿಸ್ಬೇಕು,” ಎಂದು ಡ್ರೈವರ್ ತನ್ನಷ್ಟಕ್ಕೆ ಗೊಣಗಿಕೊಂಡು ಟೇಪನ್ನು ಮೇಲಕ್ಕೆ ಎಳೆಯುತ್ತಿದ್ದಾಗ, ಪಂಜರದ ಕಂಬಿಗೆ ಸಿಕ್ಕಿಸಿದ್ದ ಅದರ ಇನ್ನೊಂದು ತುದಿಯನ್ನು ಸೊಸೆ ಕಿತ್ತು ಬಿಟ್ಟಳು. ಟೇಪು ಸರ್ರನೆ ಸುತ್ತಿಕೊಂಡು ಅವನ ಹೆಬ್ಬೆರಳಿಗೆ ಬಡಿಯಿತು.

“ಏನಿದು?”

“ಪಂಜರ, ಮೇಡಂ. ಗಾಡೀಲಿ ಹಿಡಿಯುತ್ತೋ ಇಲ್ವೋ ಅಂತ ನೋಡ್ತಿದ್ದೆ.”

“ಯಾವ ಗಾಡೀಲಿ?”

“ನಮ್ಮ ಸಾಹೇಬ್ರ ಗಾಡೀಲಿ. ಸೋಫಾ ಸಾಗಿಸೋದು. ಎಲ್ರೂ ಮಣ್ಣಿಗೆ ಹೊರಟ ಮೇಲೆ ಈ ಪಕ್ಷಿನ ಎತ್ಕೊಂಡು ಹೊಸ ಅಂಗಡಿಗೆ ಬಾ ಅಂದಿದಾರೆ. ನಿಮ್ಮ ಮನೆಯವರೂ ಹೂಂ ಅಂದಿದಾರಂತೆ.”

ಮುಂದಿನ ಕೋಣೆಯಲ್ಲಿ ಅತ್ತೆ ಪೆಟ್ಟಿಗೆಯಲ್ಲಿ ಮಲಗಿದ್ದರು. ಮುಚ್ಚಳ ಇನ್ನೂ ಗೋಡೆಗೆ ಒರಗಿಕೊಂಡಿತ್ತು. ಹೆಣ ಮನೆಯಿಂದ ಹೊರಬಿದ್ದಿಲ್ಲ, ಆಗಲೇ ಅಳತೆ ತೆಗೆಯಲು ಬಂದರಲ್ಲ ಎಂದು ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಆದರೆ ಡ್ರೈವರನದೇನು ತಪ್ಪು? ಹೇಳಿದ್ದನ್ನು ಮಾಡುವ ಮನುಷ್ಯ. “ಹೊರಗೆ ನಡೀರಿ. ಈ ಕೋಣೆಗೆ ಶೂ ಹಾಕ್ಕೊಂಡು ಬರೋ ಹಾಗಿಲ್ಲ,” ಎಂದಳು. ಅವನು ತನ್ನ ಕಾಲು ತಾನೇ ನೋಡಿಕೊಂಡು ಆಚೆ ಹೋದ.

ಆ ಕೋಣೆ ಗಿಳಿಗಳದು. ಕಿಟಕಿಯ ಕಡೆ ಸಾಲಾಗಿ ಇಟ್ಟ ಪಂಜರಗಳಲ್ಲಿ ಐದು ಗಿಳಿಗಳಿದ್ದವು. ಎರಡು ಹಸಿರು, ಎರಡು ಬೂದು, ಇನ್ನೊಂದು ಒಕ್ಕಣ್ಣಿನ ಬಿಳಿಯದು. ಬೇರೆ ದಿನವಾದರೆ ಮೂರು ಮನೆಯಾಚೆ ಕೇಳುವಷ್ಟು ಕಿರುಚುವ ಈ ಗುಂಪು ಇವತ್ತು ಗಪ್‌ಚುಪ್. ಎದುರು ಗೋಡೆಯ ದೊಡ್ಡ ಪಂಜರದಲ್ಲಿ ಮಕಾವ್ ಎಂಬ ವಿದೇಶಿ ಗಿಳಿ ಒಂದೇ ಇತ್ತು. ಗಜದುದ್ದದ ಹಕ್ಕಿ, ಬೆನ್ನು ನೀಲಿ, ಎದೆ ಹಳದಿ. ಮನೆಯಲ್ಲಿ ಅದನ್ನು ದೊಡ್ಡಪ್ಪ ಎಂದು ಕರೆಯುತ್ತಿದ್ದರು. ದೊಡ್ಡಪ್ಪ ಒಂಟಿ ಕಾಲಲ್ಲಿ ನಿಂತು ಡ್ರೈವರ್ ಹೋದ ಬಾಗಿಲನ್ನೇ ನೋಡುತ್ತಿತ್ತು.

ಮುಂದಿನ ಕೋಣೆ ಜನರಿಂದ ತುಂಬಿತ್ತು. ಸೊಸೆ ಗಂಡನನ್ನು ಹುಡುಕುತ್ತ ಬಂದರೆ ಎದುರುಮನೆಯಾಕೆ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

“ಹೋದೋರು ಹೋದ್ರು, ಏನ್ಮಾಡಕ್ಕಾಗುತ್ತೆ. ಇನ್ಮೇಲಾದ್ರೂ ನೀನು ಸ್ವಲ್ಪ ಉಸಿರಾಡ್ಬೋದು ಬಿಡು. ಆ ಗಲಾಟೆ, ಆ ಹಿಕ್ಕೆ, ಆ ವಾಸನೆ. ಎಂಟು ವರ್ಷ ಹೇಗೆ ತಡ್ಕೊಂಡ್ಯೋ ತಾಯಿ!”

“ವಾಸನೆ ಯಾವತ್ತು ಬಂತು ನಿಮಗೆ?” ಎಂದು ಸೊಸೆ ಕೇಳಿದಳು. “ದಿನಾ ಎರಡು ಸಲ ತಟ್ಟೆ ತೊಳೆದಿದೀವಿ. ನಿಮ್ಮ ಅಡುಗೆಮನೆ ದಿನಕ್ಕೆ ಎಷ್ಟು ಸಲ ತೊಳೀತೀರಿ?”

ಎದುರುಮನೆಯಾಕೆ ಕೈ ಬಿಟ್ಟಳು. ಸೊಸೆಗೆ ದುಃಖ ತಲೆಗೇರಿದೆ ಎಂದು ಯಾರೋ ಪಿಸುಗುಟ್ಟಿದರು.

ಕೋಣೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಯಲ್ಲಿ ಅತ್ತೆಯ ತಮ್ಮ ಕೂತಿದ್ದ. ಅವನಿಗೆ ಸೋಫಾ ಅಂಗಡಿ. ನೆಂಟರೆಲ್ಲ ಅವನನ್ನು ಸೋಫಾ ಮಾವ ಎಂದೇ ಕರೆಯುತ್ತಿದ್ದರು. “ನಮ್ಮಕ್ಕ ಬಾಯಿಲ್ಲದೋಳು,” ಎಂದು ಅವನು ಸುತ್ತಲಿದ್ದವರಿಗೆ ಹೇಳುತ್ತಿದ್ದ. “ಬಂದ ಪುಟ್ಟ ಹೋದ ಪುಟ್ಟ ಅನ್ನೋ ಹಾಗೆ ಬದುಕಿಬಿಟ್ಳು. ಆಸ್ಪತ್ರೆ ಬಟ್ಟೆ ಒಗೆದ್ಳು, ಗಿಳಿ ಸಾಕಿದ್ಳು, ಅಷ್ಟೇ. ಒಂದು ಊರು ನೋಡ್ಲಿಲ್ಲ, ಒಂದು ಒಳ್ಳೆ ಸೋಫಾ ಮೇಲೆ ಕೂರ್ಲಿಲ್ಲ. ಕೊಡ್ತೀನಿ ಅಂದ್ರೂ ಬೇಡ ಅಂದ್ಳು.”

ಪೆಟ್ಟಿಗೆಯ ತಲೆಯ ಕಡೆ ಆಸ್ಪತ್ರೆ ಲಾಂಡ್ರಿಯ ಹಳೆಯ ಜೊತೆಗಾತಿ ಮಂಡಿಯೂರಿ ಕೂತಿದ್ದಳು. ಎಲ್ಲರಿಗೂ ಆಕೆ ಲಾಂಡ್ರಿಯಕ್ಕ. ಅತ್ತೆಗೆ ಹೊದಿಸಿದ್ದ ಬಿಳಿ ಹಾಸಿನ ಮೂಲೆಯನ್ನು ಬಿಚ್ಚಿ ಮತ್ತೆ ಮಡಚುತ್ತಿದ್ದಳು.

“ಯಾರು ಮಡಚಿದ್ದು ಇದನ್ನ? ಇಪ್ಪತ್ತೆಂಟು ವರ್ಷ ಮೂಲೆ ಮಡಚಿದೋಳಿಗೆ ಇಂಥ ಮೂಲೆನಾ?” ಎಂದು ಆಕೆ ಯಾರನ್ನೂ ನೋಡದೆ ಗದರಿದಳು. “ವಾರ್ಡಿನಲ್ಲಿ ರೋಗಿಗಳಿಗೆ ಹಾಸಿನ ಮಡಿಕೆ ಒತ್ತಿ ಹುಣ್ಣಾಗುತ್ತೆ ಅಂತ ಒಂದೊಂದನ್ನೂ ಕೈಯಲ್ಲಿ ನೇವರಿಸಿ ಕಳಿಸ್ತಿದ್ಳು. ಬಟ್ಟೆ ಒಗೆದ್ಳಂತೆ!”

ಕೊನೆಯ ಮಾತು ಯಾರಿಗೆ ಎಂದು ಎಲ್ಲರಿಗೂ ಗೊತ್ತಾಯಿತು. ಸೋಫಾ ಮಾವ ಮಾತ್ರ ಗಡಿಯಾರ ನೋಡಿಕೊಂಡ.

* * *

ಎಂಟು ವರ್ಷದ ಹಿಂದೆ ಸೊಸೆ ಈ ಮನೆಗೆ ಬಂದಾಗ ಬಾಗಿಲು ತೆಗೆದ ಅತ್ತೆ “ಬಂದ್ರಾ?” ಎಂದಷ್ಟೇ ಹೇಳಿ ಒಳಗೆ ಹೋದರು. ಅವತ್ತು ಮೊದಲು ಮಗನಿಗೆ ಬಡಿಸಿದರು, ಆಮೇಲೆ ಗಿಳಿಗಳಿಗೆ, ಎಲ್ಲರದೂ ಆದ ಮೇಲೆ ಹೊಸ ಸೊಸೆಗೆ. ಮುಖ ಕೊಟ್ಟು ಮಾತಾಡಲಿಲ್ಲ. ಏನಾದರೂ ಹೇಳಬೇಕಾದರೆ ಗೋಡೆಗೆ ಹೇಳುವವರ ಹಾಗೆ ಪಕ್ಕಕ್ಕೆ ತಿರುಗಿ ಹೇಳುತ್ತಿದ್ದರು. ಸೊಸೆಯ ಕೋಣೆಗೆ ಒಂದು ದಿನವೂ ಕಾಲಿಡಲಿಲ್ಲ. ಬದಲಿಗೆ ಆ ಕೋಣೆಯ ಬಾಗಿಲಿನಿಂದ ದೂರದಲ್ಲಿ ಕುರ್ಚಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಮಾಡಿ ಕೂತು, ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರು. ವಿಚಿತ್ರವೆಂದರೆ ಕುರ್ಚಿ ದಿನದಿಂದ ದಿನಕ್ಕೆ ಒಂದೊಂದು ಗೇಣು ಹತ್ತಿರ ಬರುತ್ತಿತ್ತು.

ಸೊಸೆಗೆ ತಲೆ ಕೆಟ್ಟುಹೋಯಿತು. ಇದು ಸೊಕ್ಕೋ ಹುಚ್ಚೋ ತಿಳಿಯದೆ ಹತ್ತನೆಯ ದಿನ ಗಂಡನ ಮುಂದೆ ಕೂಗಾಡಿದಳು. “ಈ ಮನೇಲಿ ಆ ಗಿಳಿಗಳಿರ್ಬೇಕು, ಇಲ್ಲ ನಾನಿರ್ಬೇಕು. ನನಗಿಂತ ಮೊದಲು ಅವಕ್ಕೆ ಊಟ ಅಂದ್ರೆ ಏನರ್ಥ?” ಗಂಡ ಲಿಫ್ಟ್ ರಿಪೇರಿಯವನು. ನಾಲ್ಕು ಮಹಡಿ ಮೇಲೆ ಸಿಕ್ಕಿಕೊಂಡವರನ್ನು ಇಳಿಸುವುದು ಗೊತ್ತಿತ್ತೇ ಹೊರತು ಇಬ್ಬರು ಹೆಂಗಸರ ನಡುವೆ ಮಾತಾಡುವುದು ಗೊತ್ತಿರಲಿಲ್ಲ. ಅವನು ಸುಮ್ಮನೆ ತಲೆಯಾಡಿಸಿದ.

ಎರಡು ತಿಂಗಳ ನಂತರ ಯಾರೋ ಒಂದು ಮುದಿ ಬೂದು ಗಿಳಿಯನ್ನು ತಂದು ಬಿಟ್ಟುಹೋದರು. ಬಿಡುವವರು ಬರುತ್ತಲೇ ಇರುತ್ತಿದ್ದರು. ವರ್ಷಗಳ ಹಿಂದೆ ಆಸ್ಪತ್ರೆಯಲ್ಲಿ ಸತ್ತ ರೋಗಿಯೊಬ್ಬನ ಗಿಳಿಯನ್ನು ಯಾರೂ ಒಯ್ಯದೆ ಇದ್ದಾಗ ಅತ್ತೆ ಮನೆಗೆ ತಂದಿದ್ದರಂತೆ. ಅವತ್ತಿನಿಂದ ಗಿಳಿ ಬೇಡವಾದವರಿಗೆಲ್ಲ ಲಾಂಡ್ರಿಯ ಹಿಂಬಾಗಿಲು ಗೊತ್ತಾಗಿಬಿಟ್ಟಿತ್ತು.

ಹೊಸ ಬೂದು ಗಿಳಿಯನ್ನು ಅತ್ತೆ ಬೇರೆ ಕೋಣೆಯಲ್ಲಿ ನಲವತ್ತು ದಿನ ಇಟ್ಟರು. ಕಣ್ಣಿಗೆ ಕಣ್ಣು ಕೊಡಲಿಲ್ಲ. ಬೆನ್ನು ತಿರುಗಿಸಿ ಕೂತು ಪೇಪರ್ ಓದಿದರು. ದಿನಕ್ಕೊಂದು ಗೇಣು ಕುರ್ಚಿ ಸರಿಸಿದರು. ಊಟ ಹಳೆಯ ಗಿಳಿಗಳಿಗೆ ಮೊದಲು, ಅದಕ್ಕೆ ಕೊನೆಗೆ. ಸೊಸೆ ಬಾಗಿಲ ಸಂದಿನಲ್ಲಿ ನಿಂತು ನೋಡಿದಳು, ಬೆಪ್ಪಾದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅತ್ತೆ, ನಾನೇನು ಗಿಳಿನಾ?”

ಅತ್ತೆ ಮೊದಲ ಸಲ ನೇರವಾಗಿ ಅವಳ ಮುಖ ನೋಡಿದರು. ಕಿವಿಯವರೆಗೂ ಕೆಂಪಾಗಿದ್ದರು.

“ನಂಗೆ ಬೇರೆ ಥರ ಗೊತ್ತಿಲ್ಲ ಕಣಮ್ಮ. ಹೊಸ ಮನೆಗೆ ಬಂದೋರು ಹೆದರಿರ್ತಾರೆ. ಮೈಮೇಲೆ ಬೀಳಬಾರದು. ಮೊದಲ ತುತ್ತು ಹೊಸಬರಿಗೆ ಕೊಟ್ರೆ ಹಳಬರು ಹಲ್ಲು ಮಸೀತಾರೆ. ಹಳಬರಿಗೆ ಮೊದಲು. ನಿಂಗೆ ಒಳ್ಳೇದಾಗ್ಲಿ ಅಂತಾನೇ ಕೊನೇಲಿ ಬಡಿಸಿದ್ದು.”

ಅವತ್ತಿನಿಂದ ತಟ್ಟೆ ತೊಳೆಯುವ ಕೆಲಸ ಸೊಸೆಯದಾಯಿತು. ಗಂಡ ಬೆಳಿಗ್ಗೆ ಆರಕ್ಕೆ ಹೋದರೆ ಬರುವುದು ಸಂಜೆ. ಹಗಲು ಆ ಮನೆಯಲ್ಲಿ ಏನು ನಡೆಯುತ್ತದೆ ಎಂದು ಅವನು ಕೇಳಲಿಲ್ಲ, ಇವಳು ಹೇಳಲಿಲ್ಲ.

* * *

ಗಂಡ ಅಡುಗೆಮನೆಯಲ್ಲಿ ಲೋಟ ಎಣಿಸುತ್ತ ನಿಂತಿದ್ದ. ಅಳು ಬಂದಾಗಲೆಲ್ಲ ಅವನಿಗೆ ಏನಾದರೂ ಎಣಿಸಬೇಕು.

“ದೊಡ್ಡಪ್ಪನ್ನ ಮಾವಂಗೆ ಕೊಡ್ತೀನಿ ಅಂದ್ರಾ?”

“ನಿನ್ನೆ ಸಂಜೆ ಫೋನ್ ಮಾಡಿದ್ರು. ಸೋಮವಾರ ಹೊಸ ಅಂಗಡಿ ತೆಗೀತಾರಂತೆ. ಮುಂದೆ ಗಾಜಿನ ಹತ್ರ ಇಟ್ರೆ ಚೆನ್ನಾಗಿರುತ್ತೆ ಅಂದ್ರು. ಹೂಂ ಅಂದೆ. ಉಳಿದ ಐದಕ್ಕೂ ಯಾರನ್ನಾದ್ರೂ ನೋಡೋಣ.”

“ನನ್ನನ್ನ ಒಂದು ಮಾತು ಕೇಳ್ಲಿಲ್ವಲ್ಲ ನೀವು!”

ಗಂಡ ಲೋಟ ಕೆಳಗಿಟ್ಟ. ಅವನ ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. “ನಿನಗೋಸ್ಕರಾನೇ ಕಣೆ. ಗಿಳಿಗಳಿರ್ಬೇಕು ಇಲ್ಲ ನಾನಿರ್ಬೇಕು ಅಂತ ನೀನೇ ಹೇಳಿದ್ಯಲ್ಲ. ಅಮ್ಮ ಇರೋವರೆಗೆ ನನ್ನ ಕೈಲಿ ಏನೂ ಮಾಡಕ್ಕಾಗ್ಲಿಲ್ಲ. ಈಗಲಾದ್ರೂ ನಿನ್ನ ಮಾತು ನಡೆಸ್ಕೊಡೋಣ ಅಂತ.”

ಎಂಟು ವರ್ಷ! ಬಾಯಿತಪ್ಪಿ ಆಡಿದ ಒಂದು ಮಾತನ್ನು ಈ ಮನುಷ್ಯ ಎಂಟು ವರ್ಷ ಎದೆಯಲ್ಲಿಟ್ಟುಕೊಂಡು ಓಡಾಡಿದ್ದಾನೆ. ಸೊಸೆಗೆ ಅವನ ಮೇಲೆ ಬಂದ ಸಿಟ್ಟು ಅರ್ಧ ತನ್ನ ಮೇಲೇ ತಿರುಗಿತು.

“ಅದು ಅವತ್ತಿನ ಮಾತು.”

“ವಾಪಸ್ ತಗೊಂಡೆ ಅಂತ ಯಾವತ್ತೂ ಹೇಳ್ಲಿಲ್ವಲ್ಲ.”

“ಈಗ ಹೇಳ್ತಿದೀನಿ. ಮಾವಂಗೆ ಆಗಲ್ಲ ಅಂತ ಹೇಳಿ.”

“ಸಾವಿನ ಮನೇಲಿ ಜಗಳ ತೆಗೀಲಾ? ಹೊರಗೆ ಅಷ್ಟು ಜನ ಇದಾರೆ. ಮಾತು ಕೊಟ್ಟಾಗಿದೆ. ಇವತ್ತೊಂದು ದಿನ ಸುಮ್ನಿರು, ಕೈ ಮುಗೀತೀನಿ,” ಎಂದು ಗಂಡ ಹೇಳಿ, ಎಣಿಸಿದ ಲೋಟಗಳನ್ನೇ ಮತ್ತೆ ಎಣಿಸತೊಡಗಿದ.

* * *

ಐದು ತಿಂಗಳ ಹಿಂದೆ ಇದೇ ಸೋಫಾ ಗಾಡಿಯಲ್ಲಿ ಮಕಾವ್ ಬಂದಿತ್ತು. ಒಂಬತ್ತು ವರ್ಷ ಅದು ಸೋಫಾ ಅಂಗಡಿಯ ಬಾಗಿಲಲ್ಲಿ ಬಂದವರಿಗೆಲ್ಲ ತಲೆಬಾಗುತ್ತ ನಿಂತಿತ್ತು. ಗಿರಾಕಿಗಳ ಮಕ್ಕಳು ಕಡ್ಡಿ ಹಾಕಿ ಚುಚ್ಚುತ್ತಿದ್ದರು. ಒಂದು ದಿನ ಅದು ತಿರುಗಿಸಿ ಕಚ್ಚಿತು. ಆಮೇಲೆ ಒಂದು ವರ್ಷ ಗೋಡೌನು, ಸುತ್ತಲೂ ಪ್ಲಾಸ್ಟಿಕ್ಕು ಹೊದ್ದ ಸೋಫಾಗಳು, ಕಿಟಕಿಯಿಲ್ಲ. ಬೇಜಾರಿಗೆ ಹಕ್ಕಿ ತನ್ನ ಎದೆಯ ಗರಿ ತಾನೇ ಕಿತ್ತುಕೊಳ್ಳಲು ಶುರು ಮಾಡಿತು. ಮನೆಗೆ ಬಂದಾಗ ಕುತ್ತಿಗೆಯಿಂದ ಹೊಟ್ಟೆಯವರೆಗೆ ಬೋಳು ಚರ್ಮ, ಅಲ್ಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. “ನೀನೇ ಇಟ್ಕೊಳ್ಳಕ್ಕ, ನೋಡಕ್ಕಾಗಲ್ಲ,” ಎಂದು ಸೋಫಾ ಮಾವ ಪಂಜರವನ್ನು ಬಾಗಿಲಲ್ಲೇ ಇಳಿಸಿ ಹೋಗಿದ್ದ.

ಅತ್ತೆ ಆ ಬೋಳು ಎದೆಯನ್ನು ನೋಡಿದರು. ಕುರ್ಚಿ ತಂದು ಬೆನ್ನು ತಿರುಗಿಸಿ ಕೂತರು.

ನಲವತ್ತು ದಿನ ಬೇರೆ ಕೋಣೆ. ರೋಗ ಅಂಟದಿರಲೆಂದು, ಅಲ್ಲಿಂದ ಗಿಳಿಗಳ ಕೋಣೆಗೆ ಬರುವಾಗ ಕೈ ತೊಳೆದು ಅಂಗಿ ಬದಲಿಸಬೇಕು. ಆಮೇಲೆ ಪಂಜರ ಗಿಳಿಗಳ ಕೋಣೆಯ ಹೊಸ್ತಿಲಿಗೆ ಬಂತು. ಐದೂ ಗಿಳಿಗಳು ಪ್ರಳಯವೇ ಆದ ಹಾಗೆ ಅರಚಿದವು. ಒಕ್ಕಣ್ಣಿನ ಬಿಳಿಯದು ಎರಡು ದಿನ ಊಟ ಬಿಟ್ಟಿತು. ಪಂಜರವನ್ನು ಮತ್ತೆ ಹಿಂದಕ್ಕೆ ಸರಿಸಿದರು. ಮತ್ತೆ ಒಂದು ಗೇಣು ಮುಂದೆ. ಅತ್ತೆಗೆ ಮಂಡಿ ನೋವು, ಹಾಗಾಗಿ ಬಗ್ಗುವ ಕೆಲಸವೆಲ್ಲ ಸೊಸೆಯದು. ಹಳಬರಿಗೆ ಕಾಳು ಹಾಕುವಾಗ ಮಕಾವ್ ಕಾಯುವುದನ್ನು ಕಲಿಯಿತು. ತನ್ನ ಸರದಿ ಬರುತ್ತದೆ ಎಂದು ಅದಕ್ಕೆ ತಿಳಿದ ವಾರವೇ ಎದೆಯ ಮೇಲೆ ಮೊದಲ ಹೊಸ ಗರಿಯ ಮೊಳಕೆ ಮೂಡಿತು. “ಬಂತು ನೋಡು,” ಎಂದು ಅತ್ತೆ ಸೊಸೆಯ ಭುಜ ಹಿಡಿದುಕೊಂಡು ಅತ್ತುಬಿಟ್ಟರು.

ಹೋದ ತಿಂಗಳು ಸೋಫಾ ಮಾವ ಬಂದವನು ಹಕ್ಕಿಯನ್ನು ನೋಡಿ, “ಅರೆ, ಹೊಸ ಪೀಸ್ ಆಗಿದೆಯಲ್ಲ!” ಎಂದಿದ್ದ. ಸೊಸೆಗೆ ಅವತ್ತೇ ಅನುಮಾನ ಬರಬೇಕಿತ್ತು. ಅತ್ತೆಗೆ ಬಂದಿತ್ತೋ ಏನೋ. ಮೊನ್ನೆ ಬೆಳಿಗ್ಗೆ ಗಿಳಿಗಳ ನೀರಿನ ಬಟ್ಟಲು ತೊಳೆಯುತ್ತ ಸಿಂಕಿನ ಮುಂದೆ ಕುಸಿದವರು ಮತ್ತೆ ಏಳಲಿಲ್ಲ.

* * *

ಹನ್ನೊಂದಕ್ಕೆ ಮುಚ್ಚಳ ಹಾಕಿದರು. ಅದಕ್ಕೆ ಮೊದಲು ಸೊಸೆ ಅತ್ತೆಯ ಕೈ ಮುಟ್ಟಿದಳು. ಇಸ್ತ್ರಿ ಯಂತ್ರದ ಹಬೆಗೆ ಬೆಂದು ಬೆಂದು ಬೆರಳ ತುದಿಗಳು ನುಣುಪಾಗಿದ್ದವು. ನಾಲ್ವರು ಪೆಟ್ಟಿಗೆ ಎತ್ತಿ ಹೊರಗಿನ ವ್ಯಾನಿಗೆ ಏರಿಸಿದರು. ಜನ ಒಬ್ಬೊಬ್ಬರಾಗಿ ಇಳಿದು ಹೊರಟರು. ಸೊಸೆ ಹೊಸ್ತಿಲಲ್ಲಿ ನಿಂತೇ ಇದ್ದಳು.

“ಬಾಮ್ಮ, ಹೊತ್ತಾಯ್ತು,” ಎಂದ ಸೋಫಾ ಮಾವ. “ಮನೆ ನೋಡ್ಕೊಳ್ಳೋಕೆ ನಮ್ಮ ಡ್ರೈವರ್ ಇರ್ತಾನೆ.”

“ಅದಕ್ಕೇ ನಾನು ಬರ್ತಿಲ್ಲ.”

ರಸ್ತೆಯಲ್ಲಿದ್ದವರೆಲ್ಲ ತಿರುಗಿದರು.

“ಏನಂದೆ?”

“ಒಂಬತ್ತು ವರ್ಷ ಅಂಗಡಿಲಿ ನಿಲ್ಲಿಸಿದ್ರಿ, ಒಂದು ವರ್ಷ ಕತ್ತಲೇಲಿ ಕೂಡಿ ಹಾಕಿದ್ರಿ, ಬೋಳಾದ ಮೇಲೆ ಕಸ ಎಸೆದ ಹಾಗೆ ನಮ್ಮ ಬಾಗಿಲಲ್ಲಿ ಎಸೆದ್ರಿ. ಅತ್ತೆ ಒಂದೊಂದು ಗರಿನೂ ಕಾದು ಕಾದು ಬರಿಸಿದಾರೆ. ಈಗ ಅದು ನಿಮ್ಮ ಗಾಜಿಗೆ ಅಲಂಕಾರನಾ? ನಿಮ್ಮಕ್ಕನ್ನ ಮಣ್ಣಿಗೆ ಹಾಕೋಷ್ಟು ಹೊತ್ತು ಕೂಡ ತಡೀಲಿಲ್ವಲ್ಲ ನೀವು. ಹೆಣದ ಪಕ್ಕದ ಕೋಣೆಗೆ ಟೇಪು ಕಳಿಸಿದ್ರಲ್ಲ!”

ಸೋಫಾ ಮಾವನ ಮುಖ ಕಪ್ಪಿಟ್ಟಿತು. ಆದರೆ ವ್ಯಾಪಾರಸ್ಥ, ಸುತ್ತಲಿನ ಜನರ ಕಡೆ ತಿರುಗಿ ಮಾತಾಡುವುದು ಚೆನ್ನಾಗಿ ಗೊತ್ತಿತ್ತು. “ನೋಡ್ರಪ್ಪ, ಕೇಳಿಸ್ಕೊಳ್ಳಿ. ಒಂದು ಪಕ್ಷಿಗೋಸ್ಕರ ಅತ್ತೆ ಮಣ್ಣಿಗೆ ಬರಲ್ವಂತೆ. ಸೊಸೆ ಅಂದ್ರೆ ಸೊಸೆನೇ, ಬಿಡಿ. ಪಾಪ ನಮ್ಮಕ್ಕ.”

ಎದುರುಮನೆಯಾಕೆ “ತ್ಚು ತ್ಚು” ಎಂದಳು. ಗಂಡ ವ್ಯಾನಿನ ಬಾಗಿಲು ಹಿಡಿದು ನಿಂತಿದ್ದ, ಅತ್ತ ಹತ್ತಲೂ ಇಲ್ಲ, ಇತ್ತ ಬರಲೂ ಇಲ್ಲ. ನಾಳೆಯಿಂದ ಈ ಬೀದಿಯಲ್ಲಿ ತನ್ನ ಬಗ್ಗೆ ಏನು ಮಾತಾಡುತ್ತಾರೆ ಎಂದು ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಅತ್ತೆಯ ಮೇಲೆ ಒಂದು ಹಿಡಿ ಮಣ್ಣು ಹಾಕುವ ಆಸೆ ಅವಳಿಗೂ ಇತ್ತು. ಅವಳು ಡ್ರೈವರನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿ ಚಿಲಕ ಜಡಿದಳು. ವ್ಯಾನು ಹೊರಟ ಸದ್ದನ್ನು ಬಾಗಿಲಿಗೆ ಹಣೆಯಿಟ್ಟು ಕೇಳಿದಳು. ಅದು ತಿರುವಿನಲ್ಲಿ ಸಣ್ಣಗಾಗಿ ನಿಂತುಹೋಯಿತು.

ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. “ಮೇಡಂ, ಸಾಹೇಬ್ರು ನನ್ನನ್ನ ಬಯ್ತಾರೆ.”

“ಬಯ್ಸ್ಕೊಳ್ಳಿ.”

ಗಿಳಿಗಳ ಕೋಣೆಯಲ್ಲಿ ಕಾಲಿಟ್ಟವಳು ಹಾಗೇ ನಿಂತಳು. ಮಕಾವಿನ ಪಂಜರದ ಕೆಳಗೆ ಎರಡು ಹಳದಿ ಗರಿ ಬಿದ್ದಿದ್ದವು. ಡ್ರೈವರ್, ಅಪರಿಚಿತ ಜನ, ಎರಡು ದಿನದಿಂದ ಕಾಣದ ಅತ್ತೆ, ಎಲ್ಲ ಸೇರಿ ಹಕ್ಕಿಗೆ ದಿಕ್ಕು ತಪ್ಪಿತ್ತು. ಅವಳು ನೋಡುತ್ತಿದ್ದಂತೆಯೇ ಕೊಕ್ಕನ್ನು ಎದೆಯೊಳಗೆ ತೂರಿಸಿ ಮೂರನೆಯದನ್ನು ಕಿತ್ತಿತು. ಐದು ತಿಂಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ನೆಲ ಕಚ್ಚುತ್ತಿತ್ತು. ಕೂಗಿದರೆ ಇನ್ನೂ ಹೆದರುತ್ತದೆ. ಅವಳು ಉಸಿರು ಹಿಡಿದು ಐದು ಹಳಬರಿಗೆ ಕಾಳು ಹಾಕಿದಳು, ಆಮೇಲೆ ಅದಕ್ಕೆ. ಅದು ಕಾಳಿನ ಕಡೆ ನೋಡಲಿಲ್ಲ. ನಾಲ್ಕನೆಯ ಗರಿಗೆ ಕೊಕ್ಕು ಹಾಕಿತು.

ಅವಳು ಪಂಜರಕ್ಕೆ ಬೆನ್ನು ತಾಗಿಸಿ ನೆಲದ ಮೇಲೆ ಕೂತಳು. ಮೈಮೇಲಿದ್ದದ್ದು ಸಾವಿಗೆಂದೇ ತೆಗೆದಿಟ್ಟ ಕಪ್ಪು ಉಣ್ಣೆಯ ಅಂಗಿ. ಬಲಗೈಯನ್ನು ಅಂಗಿಯ ತೋಳಿನಿಂದ ಹೊರಗೆ ಎಳೆದುಕೊಂಡು, ಖಾಲಿ ತೋಳನ್ನು ಕಂಬಿಯೊಳಗೆ ತೂರಿಸಿದಳು. “ತಗೋ. ಏನಾದ್ರೂ ಕೀಳ್ಲೇಬೇಕು ಅಂದ್ರೆ ಇದನ್ನ ಕೀಳು. ಅವರು ಬರಿಸಿದ್ದನ್ನ ಮುಟ್ಟಬೇಡ ಕಣೋ,” ಎಂದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ತೋಳಿನ ತುದಿ ಮೆಲ್ಲಗೆ ಬಿಗಿಯಾಯಿತು. ಎಳೆ ಹರಿಯುವ ಸದ್ದು ಬೆನ್ನ ಹಿಂದೆ ಶುರುವಾದಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿದು, ಮೊನ್ನೆಯಿಂದ ತಡೆದಿಟ್ಟಿದ್ದನ್ನೆಲ್ಲ ಅತ್ತಳು.

ಅವರೆಲ್ಲ ವಾಪಸಾದಾಗ ಎರಡು ಗಂಟೆಯಾಗಿತ್ತು. ಗಂಡ ಹಿಂಬಾಗಿಲಿನ ಬೀಗದ ಕೈ ತಂದಿದ್ದ. ಸಿಂಕಿನ ಪಕ್ಕದಿಂದ ಅವನ ಹೆಜ್ಜೆ ಕೇಳಿಸಿತು, ಮುಂದಿನ ಚಿಲಕ ತೆಗೆದದ್ದು ಕೇಳಿಸಿತು, ಸೋಫಾ ಮಾವನ ದನಿ ಒಳಗೆ ಬಂತು. “ಎಲ್ಲಿದಾಳೆ ಮಹಾತಾಯಿ? ಡ್ರೈವರ್, ಹಗ್ಗ ತಗೊಂಡು ಬಾ.”

ಗಂಡ ಗಿಳಿಗಳ ಕೋಣೆಯ ಹೊಸ್ತಿಲಲ್ಲಿ ಶೂ ಬಿಚ್ಚಿಟ್ಟು ಒಳಗೆ ಬಂದ. ಪ್ಯಾಂಟಿನ ಮಂಡಿಯ ಮೇಲೆ ಕೆಂಪು ಮಣ್ಣಿತ್ತು. ಹೆಂಡತಿಯ ಅಂಗಿಯ ತೋಳು ಮೊಣಕೈವರೆಗೂ ಜಾಲರಿಯಾಗಿದ್ದನ್ನು ನೋಡಿದ, ಪಂಜರದ ತಳದಲ್ಲಿ ರಾಶಿ ಬಿದ್ದ ಕಪ್ಪು ಎಳೆಗಳನ್ನು ನೋಡಿದ, ಅವುಗಳ ನಡುವೆ ಇದ್ದ ಮೂರೇ ಹಳದಿ ಗರಿಗಳನ್ನು ನೋಡಿದ.

“ಲಾಂಡ್ರಿಯಕ್ಕ ಹೇಳಿದ್ರು,” ಎಂದ. “ಇದು ನಿನ್ನ ಕೈಯಿಂದ ತಿನ್ನುತ್ತೆ ಅಂತ ಅಮ್ಮ ಲಾಂಡ್ರಿಗೆಲ್ಲ ಹೇಳ್ಕೊಂಡು ಬಂದಿದ್ರಂತೆ. ನಂಗೊಬ್ಬನಿಗೇ ಗೊತ್ತಿರ್ಲಿಲ್ಲ.”

“ಈಗ ಬೆನ್ನು ತಿರುಗಿಸಿ ಕೂತ್ಕೊಳ್ಳಿ. ಅದನ್ನ ದಿಟ್ಟಿಸಿ ನೋಡಬೇಡಿ,” ಎಂದಳು ಅವಳು.

ಅವನಿಗಿದ್ದದ್ದು ಒಂದೇ ಒಳ್ಳೆಯ ಕೋಟು. ಅದನ್ನು ಬಿಚ್ಚಿದ. ಪಂಜರದ ಇನ್ನೊಂದು ಮಗ್ಗುಲಲ್ಲಿ ಬೆನ್ನು ಕೊಟ್ಟು ಕೂತು, ಕೋಟಿನ ಖಾಲಿ ತೋಳನ್ನು ತಲೆಯ ಮೇಲಿಂದ ಕಂಬಿಯೊಳಗೆ ತೂರಿಸಿದ. ಸೋಫಾ ಮಾವ ಹಗ್ಗ ಹಿಡಿದ ಡ್ರೈವರನೊಂದಿಗೆ ಬಾಗಿಲಲ್ಲಿ ಬಂದು ನಿಂತವನು ಕಣ್ಣರಳಿಸಿದ.

“ಲೋ, ಏನ್ಮಾಡ್ತಿದೀಯ? ಕೋಟು ಕಣೋ ಅದು! ಹರಿದು ಹಾಕುತ್ತೆ!”

“ಹರೀಲಿ ಬಿಡಿ, ಮಾವ. ನೀವು ಆ ಶೂ ಹಾಕ್ಕೊಂಡು ಒಳಗೆ ಬರಬೇಡಿ.”

ಮಕಾವ್ ಕಪ್ಪು ಉಣ್ಣೆಯನ್ನು ಬಿಟ್ಟು ತಲೆ ಓರೆ ಮಾಡಿ ಆ ಹೊಸ ತೋಳನ್ನು ಬಹಳ ಹೊತ್ತು ಪರೀಕ್ಷಿಸಿತು. ಕೋಲಿನ ಮೇಲೆ ಒಂದೊಂದೇ ಹೆಜ್ಜೆ ಪಕ್ಕಕ್ಕೆ ಇಡುತ್ತ ಅತ್ತ ಸರಿಯಿತು. ಕೋಟಿನ ತೋಳಿನಲ್ಲಿ ಮೂರು ಗುಂಡಿಗಳಿದ್ದವು. ಮೊದಲನೆಯದು ಟಕ್ಕೆಂದು ಪಂಜರದ ತಳಕ್ಕೆ ಬಿತ್ತು.